ಅರಿವಳಿಕೆಯ ಆಳವೂ ರಕ್ತದ ಒತ್ತಡವೂ

ಪಿತ್ತಕೋಶದಲ್ಲಿ ಕಲ್ಲುಗಳಾಗಿ ನೋವಿನಿಂದ ನರಳುವವರು ನಮ್ಮಲ್ಲಿ ಅನೇಕರುಂಟು. ಅವರಲ್ಲಿಯೂ ಸ್ತ್ರೀಯರೇ ಹೆಚ್ಚು. ಹಿಂದೆ ಈ ಕಲ್ಲುಗಳನ್ನು ತೆಗೆಯಬೇಕಾದರೆ ಬಲಗಡೆಯ ಪಕ್ಕೆಲುಬುಗಳ ಕೆಳಗೆ ಗೇಣುದ್ದ ಕೊಯ್ಯಬೇಕಾಗುತ್ತಿತ್ತು. ರೋಗಿಯು ಹಾಸಿಗೆ ಬಿಟ್ಟೇಳಲು ದಿನಗಳೂ, ಅಡಿಗೆಯ ಮನೆಯ ಕೆಲಸಕ್ಕೆ ತೊಡಗಲು ವಾರಗಳೂ ಹಿಡಿಯುತ್ತಿದ್ದುವು. ಈಗಲಾದರೋ ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಒಂದರಲ್ಲಿ ದೀಪವೂ ಕ್ಯಾಮರಾವೂ ಕೂಡಿದ ನಳಿಗೆಯನ್ನು, ಉಳಿದವುಗಳಲ್ಲಿ ಉದ್ದವಾದ ಕತ್ತರಿ ಚಿಮ್ಮಟಗಳನ್ನು ತೂರಿಸಿ, ಎದುರಿನ ಪರದೆಯ ಮೇಲೆ ಕಾಣುವ ಚಿತ್ರವನ್ನು ನೋಡುತ್ತ ಪಿತ್ತಕೋಶವನ್ನು ಬಿಡಿಸಿ ಹೊರಕ್ಕೆ ತೆಗೆಯುತ್ತಾರೆ. ಆಸ್ಪತ್ರೆಯವರು ಲ್ಯಾಪರೊಸ್ಕೋಪಿ ಎಂದೂ, ಜನರು ಕೀಹೋಲ್ ಆಪರೇಷನ್ ಎಂದೂ ಕರೆಯುವುದು ಇದನ್ನೇ.

ಗಾಯ ಸಣ್ಣದಾದುದರಿಂದ ಅರಿವಳಿಕೆಯೂ ಸಣ್ಣದೇ ಇರಬೇಕೆಂದು ಮನೆಯವರು ಊಹಿಸುವುದು ಸಹಜ. ಶಸ್ತ್ರವೈದ್ಯರ ಹೆಸರನ್ನೂ ಕೈಗುಣವನ್ನೂ ಊರೆಲ್ಲ ವಿಚಾರಿಸಿ ಬರುವವರು, ರೋಗಿಯ ತಲೆಯ ಬಳಿ ಕುಳಿತು ಅವಳ ಉಸಿರನ್ನೂ ಅರಿವನ್ನೂ ಕಾಯುವ ವೈದ್ಯರು ಯಾರೆಂದು ಕೇಳುವುದೇ ಅಪರೂಪ. ಆದರೆ ಈ ಶಸ್ತ್ರಕ್ರಿಯೆಯು ಕೊಯ್ಯುವವರಿಗೆ ಎಷ್ಟು ಸೌಕರ್ಯವನ್ನು ತಂದಿತೋ, ಅರಿವಳಿಕೆ ಕೊಡುವವರಿಗೆ ಅಷ್ಟೇ ಜಾಗರೂಕತೆಯನ್ನು ತಂದಿಟ್ಟಿತು. ಅವರು ಎಡೆಬಿಡದೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿರಬೇಕು. ರೋಗಿಯು ನಿಜವಾಗಿಯೂ ಅರಿವಿಲ್ಲದೆ ಇರುವಳೆ? ಅವಳ ಮೆದುಳು, ಹೃದಯ, ಮೂತ್ರಪಿಂಡಗಳಿಗೆ ರಕ್ತವು ಸಾಕಷ್ಟು ಒತ್ತಡದಿಂದ ಹರಿಯುತ್ತಿರುವುದೆ? ಬಹು ಕಾಲದವರೆಗೆ ಎರಡನೆಯ ಪ್ರಶ್ನೆಯ ಉತ್ತರವೇ ಮೊದಲನೆಯದಕ್ಕೂ ಉತ್ತರವೆಂದು ವೈದ್ಯರು ನಂಬಿದ್ದರು: ಒತ್ತಡ ಏರಿದರೆ ಎಚ್ಚರವಾಗುತ್ತಿದೆ, ಇಳಿದರೆ ನಿದ್ರೆ ಆಳವಾಗಿದೆ ಎಂದು. ಲ್ಯಾಪರೊಸ್ಕೋಪಿಯಲ್ಲಿ ಈ ನಂಬಿಕೆ ಕೈಕೊಡುತ್ತದೆ. ಹೇಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ನಿದ್ರೆಯ ಆಳದ ವಿಷಯ. ೧೮೪೬ನೆಯ ಇಸವಿಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯನ್ನು ಮೂಸಿಸಿ, ಶಸ್ತ್ರಕ್ರಿಯೆಯು ನೋವಿಲ್ಲದೆ ನಡೆಯಬಹುದೆಂದು ತೋರಿಸಿಕೊಟ್ಟನು. ಮರುವರ್ಷವೇ ಎಡಿನ್ಬರೋ ನಗರದಲ್ಲಿ ಸಿಂಪ್ಸನ್ನನು ಕ್ಲೋರೋಫಾರಮನ್ನು ಬಳಕೆಗೆ ತಂದನು. ಹೊಸ ವರದ ಸಂತೋಷವು ಮೂರು ತಿಂಗಳು ಕೂಡ ನಿಲ್ಲಲಿಲ್ಲ. ೧೮೪೮ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ಬಳಿ, ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳಲು ಕ್ಲೋರೋಫಾರಂ ಸೇವಿಸಿದ ಹಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಯು ಕೆಲವು ನಿಮಿಷಗಳಲ್ಲಿ ತೀರಿಕೊಂಡಳು. ಉಗುರಿಗಾಗಿ ಪ್ರಾಣವನ್ನೇ ತೆತ್ತಂತಾಯಿತು. ಎಷ್ಟು ಕೊಟ್ಟರೆ ಸಾಕು, ಎಷ್ಟಾದರೆ ಹೆಚ್ಚು ಎಂಬ ಪ್ರಶ್ನೆಯು ಅಂದಿನಿಂದಲೇ ವೈದ್ಯರ ಬೆನ್ನು ಹತ್ತಿತು. ಲಂಡನ್ನಿನ ಜಾನ್ ಸ್ನೋ ಎಂಬವನು ೧೮೪೭ರಲ್ಲಿಯೇ ಈಥರಿನ ಮತ್ತನ್ನು ಐದು ಮೆಟ್ಟಲುಗಳಾಗಿ ವಿಂಗಡಿಸಿದ್ದನು.

ಯಾವ ಚಿಹ್ನೆಯನ್ನು ನೋಡಬೇಕು ಎಂಬುದರ ಮೇಲೆ ನಡೆದ ವಾದಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನಮ್ಮ ನೆರೆಯ ಹೈದರಾಬಾದಿನದು. ಅಲ್ಲಿಯ ವೈದ್ಯಶಾಲೆಯ ಮುಖ್ಯನಾಗಿದ್ದ ಎಡ್ವರ್ಡ್ ಲಾರಿ ಎಂಬಾತನು ಕ್ಲೋರೋಫಾರಂ ಕೊಡುವಾಗ ಉಸಿರನ್ನು ನೋಡಿದರೆ ಸಾಕು, ನಾಡಿಯನ್ನು ಹಿಡಿಯಬೇಕಾದುದೇ ಇಲ್ಲ, ಹಿಡಿದರೆ ಗಮನವು ಬೇರೆಡೆಗೆ ಹರಿದು ಅಪಾಯವೇ ಎಂದು ಬೋಧಿಸುತ್ತಿದ್ದನು. ಇದನ್ನು ಪರೀಕ್ಷಿಸಲು ೧೮೮೮ರಲ್ಲಿ ಒಂದು, ೧೮೮೯ರಲ್ಲಿ ಇನ್ನೊಂದು ಮಂಡಲಿಗಳು ಕುಳಿತುವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ಪಂಡಿತನನ್ನು ನಿಜಾಮರ ವೆಚ್ಚದಲ್ಲಿ ಕರೆಯಿಸಲಾಯಿತು. ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳು ನಡೆದ ಮೇಲೆ, ಉಸಿರು ನಿಂತ ಅನಂತರವೇ ಹೃದಯವು ನಿಲ್ಲುವುದೆಂದು ಮಂಡಲಿಯು ತೀರ್ಮಾನವಿತ್ತಿತು. ಲಾರಿಯು ಗೆದ್ದನು. ಆದರೆ ೧೯೧೧ರಲ್ಲಿ ಲಂಡನ್ನಿನ ಲೆವಿ ಎಂಬಾತನು ಬೆಕ್ಕುಗಳ ಮೇಲೆ ಪ್ರಯೋಗಿಸಿ ವಿಚಿತ್ರವಾದ ಒಂದು ಸತ್ಯವನ್ನು ಕಂಡುಹಿಡಿದನು. ಕ್ಲೋರೋಫಾರಮಿನ ಮತ್ತು ತೆಳುವಾಗಿರುವಾಗ ಅಡ್ರಿನಲಿನ್ ಎಂಬ ರಸವು ರಕ್ತದಲ್ಲಿ ಸೇರಿದರೆ, ಉಸಿರಾಡುತ್ತಿದ್ದ ಪ್ರಾಣಿಯ ಹೃದಯವೇ ಥಟ್ಟನೆ ಕಂಪಿಸಿ ನಿಂತುಬಿಡುವುದು. ಭಯದಿಂದಲೂ ನೋವಿನಿಂದಲೂ ನಮ್ಮ ದೇಹವು ತಾನೇ ಸುರಿಸುವ ರಸವಿದು. ಮತ್ತು ಹೆಚ್ಚಾದರೆ ಅಪಾಯ, ಕಡಿಮೆಯಾದರೆ ನಿರಪಾಯ ಎಂಬ ಸರಳವಾದ ಲೆಕ್ಕ ಅಲ್ಲಿಗೆ ಮುಗಿಯಿತು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋಗಿದ್ದ ಅಮೆರಿಕದ ಗೀಡಲ್ ಎಂಬ ವೈದ್ಯನಿಗೆ ಇನ್ನೊಂದು ಬಗೆಯ ಕಷ್ಟ ಬಂದೊದಗಿತು. ಗಾಯಾಳುಗಳು ರಾಶಿರಾಶಿಯಾಗಿ ಬರುತ್ತಿದ್ದರು; ಈಥರ್ ಕೊಡಲು ಇದ್ದವರು ಏನೂ ಕಲಿಯದ ಸಿಪಾಯಿಗಳು ಮತ್ತು ದಾದಿಯರು. ಅವರಿಗಾಗಿ ಗೀಡಲ್ಲನು ಒಂದು ಪಟ್ಟಿಯನ್ನು ಬರೆದನು: ಕಣ್ಣುಗುಡ್ಡೆಯು ಹೊರಳುತ್ತಿರುವುದೆ, ಪಾಪೆಯು ಎಷ್ಟು ಅಗಲವಾಗಿದೆ, ಉಸಿರು ಎದೆಯಿಂದಲೋ ಹೊಟ್ಟೆಯಿಂದಲೋ, ರೆಪ್ಪೆಯನ್ನು ಮುಟ್ಟಿದರೆ ಮಿಡುಕುವುದೋ ಇಲ್ಲವೋ. ಇವನ್ನು ನೋಡಿ ರೋಗಿಯು ನಾಲ್ಕು ಘಟ್ಟಗಳಲ್ಲಿ ಎಲ್ಲಿರುವನೆಂದು ಹೇಳಬಹುದಾಗಿತ್ತು. ಪಟ್ಟಿಯನ್ನು ಆಸ್ಪತ್ರೆ ಆಸ್ಪತ್ರೆಗೂ ಹಂಚಿ, ತಾನು ಕೆಸರಿನಲ್ಲಿ ಮೋಟಾರ್ ಸೈಕಲ್ಲನ್ನೋಡಿಸುತ್ತ ಎಲ್ಲೆಡೆಯೂ ಮೇಲ್ವಿಚಾರಣೆ ಮಾಡಿದನು. ದೇಹದ ಭಾಷೆಯನ್ನು ಓದಲು ಅಷ್ಟು ಸುಲಭವಾದ ವರ್ಣಮಾಲೆಯು ಅದಕ್ಕೆ ಹಿಂದೆ ಇರಲಿಲ್ಲ. ಈಥರಿನ ಕಾಲದಲ್ಲಿ ಅದಕ್ಕಿಂತ ಉತ್ತಮವಾದುದು ಬೇಕಾಗಿಯೂ ಇರಲಿಲ್ಲ.

ರಕ್ತದ ಒತ್ತಡದ ಕಥೆ ಬೇರೆ ದಾರಿಯಲ್ಲಿ ನಡೆದು ಬಂದುದು. ೧೭೩೩ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಒಂದು ಕುದುರೆಯ ಧಮನಿಗೆ ಗಾಜಿನ ನಳಿಗೆಯನ್ನು ಸೇರಿಸಿ, ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿ ನಿಂತುದನ್ನು ವರ್ಣಿಸಿ ಪ್ರಕಟಿಸಿದನು. ಮನುಷ್ಯರಿಗೆ ಹಾಗೆ ಮಾಡಲಾದೀತೆ? ೧೮೯೬ರಲ್ಲಿ ಇಟಲಿಯ ರಿವಾ-ರೋಚಿ ಎಂಬಾತನು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿ ಅಳೆಯುವ ಉಪಕರಣವನ್ನು ನಿರ್ಮಿಸಿದನು. ಈಗ ನಮ್ಮ ಮನೆಮನೆಗಳಲ್ಲಿಯೂ ಇರುವ ಬಿ.ಪಿ. ಯಂತ್ರದ ಅಜ್ಜ ಅದೇ. ೧೯೦೧ರಲ್ಲಿ ಪಾವಿಯಾ ನಗರಕ್ಕೆ ಹೋಗಿದ್ದ ಅಮೆರಿಕದ ಹಾರ್ವೆ ಕುಶಿಂಗನು ಅದನ್ನು ಕಂಡು ಮೆಚ್ಚಿ ತನ್ನ ದೇಶಕ್ಕೆ ಒಯ್ದನು. ಈತನು ವಿದ್ಯಾರ್ಥಿಯಾಗಿದ್ದಾಗಲೇ ತನ್ನ ಸಹಪಾಠಿಯೊಡಗೂಡಿ ಈಥರ್ ಕೊಡುವಾಗ ನಾಡಿಯನ್ನು ನಿಮಿಷಗಳ ಲೆಕ್ಕದಲ್ಲಿ ಬರೆದಿಡುವ ಪದ್ಧತಿಯನ್ನು ಹಾಕಿದ್ದನು. ಈಗ ಒತ್ತಡದ ಅಂಕಿಯೂ ಅದಕ್ಕೆ ಸೇರಿತು. ಶಸ್ತ್ರಕ್ರಿಯೆ ನಡೆದಷ್ಟು ಹೊತ್ತೂ ಈ ಲೆಕ್ಕವನ್ನು ಬರೆಯುವುದು ಕಾಲಕ್ರಮದಲ್ಲಿ ನಿಯಮವಾಯಿತು.

ಈ ಎರಡು ದಾರಿಗಳೂ ಕೂಡಿದುದು ೧೯೪೨ರಲ್ಲಿ. ಆ ವರ್ಷದ ಜನವರಿ ೨೩ರಂದು ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅರಿವಳಿಕೆಯ ಜೊತೆಯಲ್ಲಿ ಕ್ಯುರಾರಿಯನ್ನು ರೋಗಿಗೆ ಚುಚ್ಚಿದರು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಸವರುತ್ತಿದ್ದ ವಿಷವಿದು; ಸ್ನಾಯುಗಳನ್ನು ಸಡಿಲಿಸುವುದು, ಆದರೆ ಅರಿವನ್ನಾಗಲಿ ನೋವನ್ನಾಗಲಿ ಎಳ್ಳಷ್ಟೂ ಕುಂದಿಸದು. ಇದರಿಂದ ಶಸ್ತ್ರವಿದ್ಯೆಗೆ ಆದ ಉಪಕಾರ ಅಪಾರ. ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸಲೆಂದೇ ರೋಗಿಯನ್ನು ಈಥರಿನಲ್ಲಿ ಮುಳುಗಿಸಬೇಕಾದ ಕಾಲ ಹೋಯಿತು; ನಿದ್ರೆಗೊಂದು, ನೋವಿಗೊಂದು, ಸಡಿಲಿಕೆಗೊಂದು ಎಂದು ಔಷಧಗಳು ಬೇರೆಬೇರೆಯಾದುವು. ಆದರೆ ಗೀಡಲ್ಲನ ಪಟ್ಟಿಯ ಮುಖ್ಯಾಕ್ಷರಗಳೆಲ್ಲ ಅಳಿಸಿಹೋದುವು. ಉಸಿರನ್ನು ಯಂತ್ರವೇ ಆಡಿಸುವಾಗ ಅದರ ಬಗೆಯನ್ನು ನೋಡಿ ಏನು ತಿಳಿಯಬಹುದು? ರೆಪ್ಪೆ ಮಿಡುಕದು, ಕೈ ಅಲುಗದು. ರೋಗಿಗೆ ಎಚ್ಚರವಾದರೂ ಅದನ್ನು ತಿಳಿಸಲು ಅವಳಿಗೆ ಒಂದು ಬೆರಳೂ ಉಳಿದಿರುವುದಿಲ್ಲ.

ಇದು ಬರಿಯ ಹೆದರಿಕೆಯ ಮಾತಲ್ಲ. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ, ಶಸ್ತ್ರಕ್ರಿಯೆಯ ನಡುವೆ ಎಚ್ಚರವಿತ್ತೆಂದು ತಾವಾಗಿಯೇ ದೂರಿದವರು ಸುಮಾರು ೧೯,೦೦೦ ಮಂದಿಗೆ ಒಬ್ಬರು. ಸ್ನಾಯು ಸಡಿಲಿಸುವ ಔಷಧವನ್ನು ಕೊಟ್ಟವರಲ್ಲಿ ೮,೦೦೦ಕ್ಕೆ ಒಬ್ಬರು. ಕೊಡದವರಲ್ಲಿ ೧,೩೬,೦೦೦ಕ್ಕೆ ಒಬ್ಬರು. ಈ ಕೊನೆಯ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅಪಾಯವು ಎಲ್ಲಿ ಅಡಗಿರುವುದೆಂದು ತಾನೇ ಗೊತ್ತಾಗುವುದು. ಲ್ಯಾಪರೊಸ್ಕೋಪಿಯಲ್ಲಿ ಸಾಮಾನ್ಯವಾಗಿ ಈ ಔಷಧವನ್ನು ಕೊಡದೆ ಸಾಗದು.

ಹೀಗೆ ಬೇರೆ ಚಿಹ್ನೆಗಳೆಲ್ಲ ಮಾಯವಾದಾಗ ಉಳಿದುವು ನಾಲ್ಕು: ನಾಡಿಯ ವೇಗ, ರಕ್ತದ ಒತ್ತಡ, ಹಣೆಯ ಬೆವರು, ಕಣ್ಣಿನ ನೀರು. ನಿದ್ರೆ ತೆಳುವಾಗಿ ನೋವು ತಟ್ಟಿದರೆ ನಾಡಿ ಓಡುವುದು, ಒತ್ತಡ ಏರುವುದು, ಬೆವರು ಒಡೆಯುವುದು. ವೈದ್ಯರು ಇವುಗಳನ್ನೇ ನಂಬಿದರು. ತೆರೆದ ಹೊಟ್ಟೆಯ ಶಸ್ತ್ರಕ್ರಿಯೆಗಳಲ್ಲಿ ಆ ನಂಬಿಕೆಯು ಬಹುಮಟ್ಟಿಗೆ ನಡೆದುಕೊಂಡು ಬಂದಿತು.

ಇನ್ನು ಲ್ಯಾಪರೊಸ್ಕೋಪಿಯ ಮಾತು. ೧೯೦೧ರಲ್ಲಿ ಜರ್ಮನಿಯ ಕೆಲ್ಲಿಂಗ್ ಎಂಬಾತನು ಒಂದು ನಾಯಿಯ ಹೊಟ್ಟೆಗೆ ಗಾಳಿಯನ್ನು ತುಂಬಿ ಒಳಗನ್ನು ನಳಿಗೆಯ ಮೂಲಕ ನೋಡಿ ತೋರಿಸಿದನು. ಅವನ ಮೂಲ ಉದ್ದೇಶವು ನೋಡುವುದಾಗಿರಲಿಲ್ಲ. ಗಾಳಿಯ ಒತ್ತಡದಿಂದ ಒಳಗಿನ ರಕ್ತಸ್ರಾವವನ್ನು ಅದುಮಿ ನಿಲ್ಲಿಸಬಹುದೇ ಎಂಬುದಾಗಿತ್ತು. ಗಾಳಿಯು ರಕ್ತನಾಳಗಳನ್ನು ಅದುಮುವುದು ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ೧೯೧೦ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಎಂಬಾತನು ಇದನ್ನು ಮನುಷ್ಯರಲ್ಲಿ ನಡೆಸಿದನು. ಮುಂದೆ ಬಹುಕಾಲ ಇದು ನೋಡುವ ವಿದ್ಯೆಯಾಗಿಯೇ ಹೆಚ್ಚಾಗಿ ಉಳಿದು, ೧೯೮೦ರಲ್ಲಿ ಜರ್ಮನಿಯ ಜೆಮ್ ಎಂಬಾತನು ಕರುಳುಬಾಲವನ್ನೂ, ೧೯೮೫ರಲ್ಲಿ ಅದೇ ದೇಶದ ಮ್ಯೂಹೆ ಎಂಬಾತನು ಪಿತ್ತಕೋಶವನ್ನೂ ಹೀಗೆ ತೆಗೆದರು. ನಮ್ಮ ದೇಶದಲ್ಲಿ ಈ ರೀತಿಯಿಂದ ಪಿತ್ತಕೋಶವನ್ನು ತೆಗೆಯುವುದನ್ನು ೧೯೯೦ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಆರಂಭಿಸಿದವರು ಡಾಕ್ಟರ್ ತೆಹಮ್ಟನ್ ಉದ್ವಾಡಿಯಾ ಅವರು.

ಹೊಟ್ಟೆಯ ಗೋಡೆಯು ಕರುಳುಗಳ ಮೇಲೆ ಒದ್ದೆಯ ಬಟ್ಟೆಯಂತೆ ಕವಿದುಕೊಂಡಿರುವಾಗ ಒಳಗೆ ಏನನ್ನೂ ಕಾಣಲಾಗದು. ಆದಕಾರಣ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಊದಿ, ಗೋಡೆಯನ್ನು ಡೇರೆಯಂತೆ ಮೇಲಕ್ಕೆ ಎತ್ತುತ್ತಾರೆ. ಈ ಅನಿಲವೇ ಏಕೆಂದರೆ, ರಕ್ತನಾಳಗಳನ್ನು ಮುಚ್ಚಲು ವಿದ್ಯುತ್ತಿನಿಂದ ಸುಡುವಾಗ ಇದು ಹೊತ್ತಿಕೊಳ್ಳುವುದಿಲ್ಲ; ರಕ್ತದಲ್ಲಿ ಬೇಗ ಕರಗಿ ಶ್ವಾಸಕೋಶಗಳ ಮೂಲಕ ಹೊರಟುಹೋಗುವುದು. ಒಳಗಿನ ಒತ್ತಡವನ್ನು ಸಾಮಾನ್ಯವಾಗಿ ಪಾದರಸದ ೧೨ರಿಂದ ೧೫ ಮಿಲಿಮೀಟರಿನಷ್ಟು ಇಡುವರು. ಕೇಳಲು ಅಲ್ಪವಾದರೂ, ಹೊಟ್ಟೆಯೊಳಗಿನ ದೊಡ್ಡ ಸಿರೆಯ ತೆಳುವಾದ ಗೋಡೆಗೆ ಇದು ಅಲ್ಪವಲ್ಲ.

ಅನಿಲವು ಒಳಹೊಕ್ಕ ಕೂಡಲೆ ದೇಹದಲ್ಲಿ ನಡೆಯುವ ವ್ಯಾಪಾರವನ್ನು ನೋಡಿರಿ. ಹೊಟ್ಟೆಯ ಒಳಪೊರೆಯು ಹಠಾತ್ತಾಗಿ ಹಿಗ್ಗಿದಾಗ ಕೆಲವರಿಗೆ ವೇಗಸ್ ನರದ ಮೂಲಕ ಹೃದಯದ ಬಡಿತವು ಅಪಾಯವೆನ್ನುವಷ್ಟು ನಿಧಾನವಾಗುವುದು; ಆಗ ಅನಿಲವನ್ನು ಹೊರಬಿಟ್ಟು, ಅಟ್ರೊಪಿನ್ ಕೊಟ್ಟು, ಮತ್ತೆ ಮೆಲ್ಲಮೆಲ್ಲನೆ ಊದುತ್ತಾರೆ. ಬಡಿತವು ನೆಟ್ಟಗಿದ್ದರೂ, ಸಿರೆಗಳು ಅದುಮಲ್ಪಟ್ಟು ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗುವುದು. ಇತ್ತ ಧಮನಿಗಳು ಬಿಗಿಯುವುವು. ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸುರಿಯುವುವು. ಪರಿಣಾಮವಾಗಿ ಹೃದಯವು ಹೊರದೂಡುವ ರಕ್ತವು ಕಡಿಮೆಯಾಗಿದ್ದರೂ ತೋಳಿನ ಪಟ್ಟಿಯಲ್ಲಿ ಒತ್ತಡದ ಅಂಕಿಯು ಏರುವುದು! ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದಾಗ ನೀರು ಕಡಿಮೆಯಾಗಿ ರಭಸ ಹೆಚ್ಚುವಂತೆ ಇದು. ಅನಿಲವು ರಕ್ತಕ್ಕೆ ಇಳಿದಂತೆಲ್ಲ ಉಸಿರಿನಲ್ಲಿಯೂ ಅದರ ಪ್ರಮಾಣವು ಏರುತ್ತ ಹೋಗುವುದು. ಉಸಿರಾಟದ ಯಂತ್ರವನ್ನು ಹೆಚ್ಚಿಸದಿದ್ದರೆ ಅದೂ ನಾಡಿಯನ್ನೂ ಒತ್ತಡವನ್ನೂ ಕೆರಳಿಸುವುದು. ಸಾಲದುದಕ್ಕೆ, ಪಿತ್ತಕೋಶವು ಚೆನ್ನಾಗಿ ಕಾಣಲೆಂದು ಮೇಜನ್ನು ತಲೆ ಮೇಲಾಗುವಂತೆ ಓರೆಮಾಡುತ್ತಾರೆ. ರಕ್ತವು ಕಾಲುಗಳಿಗೆ ಇಳಿದು ಒತ್ತಡವನ್ನು ಕೆಳಕ್ಕೆ ಎಳೆಯುವುದು. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಇವುಗಳಲ್ಲಿ ಯಾವುದಕ್ಕೂ ರೋಗಿಯು ಎಚ್ಚರವಾಗಿರುವಳೋ ಇಲ್ಲವೋ ಎಂಬುದರೊಡನೆ ಸಂಬಂಧವಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಈಗ ಅರಿವಳಿಕೆಯ ವೈದ್ಯರ ಸ್ಥಾನದಲ್ಲಿ ನಿಂತು ನೋಡೋಣ. ದಿನವೂ ೧೩೦ಕ್ಕೆ ೮೦ ಇರುವ ಗೃಹಿಣಿಯೊಬ್ಬಳಿಗೆ ಅನಿಲ ತುಂಬಿದ ಹತ್ತು ನಿಮಿಷಗಳಲ್ಲಿ ೧೭೦ಕ್ಕೆ ೧೦೦ ಆಯಿತೆಂದು ಇಟ್ಟುಕೊಳ್ಳಿರಿ. ಹಳೆಯ ನಂಬಿಕೆಯಂತೆ ಎಚ್ಚರವಾಗುತ್ತಿದೆಯೆಂದು ಎಣಿಸಿ ನಿದ್ರೆಯ ಔಷಧವನ್ನು ಹೆಚ್ಚಿಸಿದರೆ ಏನಾದೀತು? ನಿದ್ರೆಯು ಮೊದಲೇ ಸಾಕಷ್ಟು ಆಳವಾಗಿದ್ದರೆ ಅದು ಅತಿಯಾಗುವುದು. ಅರ್ಧ ಗಂಟೆಯ ಮೇಲೆ ಅನಿಲವನ್ನು ಹೊರಬಿಟ್ಟಾಗ ಬಿಗಿದಿದ್ದ ಧಮನಿಗಳು ಸಡಿಲಿ, ಹೆಚ್ಚಿಸಿದ್ದ ಔಷಧವೂ ಕೂಡಿಕೊಂಡು, ಒತ್ತಡವು ಕುಸಿಯುವುದು. ಇದಕ್ಕಿಂತ ನನಗೆ ಹೆಚ್ಚು ಭಯಂಕರವೆಂದು ತೋರುವುದು ಇದರ ಪ್ರತಿಯಾದ ತಪ್ಪು. ನಿದ್ರೆಯು ನಿಜವಾಗಿಯೂ ತೆಳುವಾಗಿರುವಾಗ ಅದನ್ನು ವಿಚಾರಿಸದೆ, ಅನಿಲದ ಪ್ರಭಾವವಿರಬೇಕೆಂದು ಲೆಬೆಟಲಾಲ್ ಮೊದಲಾದ ಒತ್ತಡ ಇಳಿಸುವ ಔಷಧಗಳನ್ನು ಕೊಟ್ಟರೆ, ಅಂಕಿಗಳು ಸುಂದರವಾಗಿ ಇಳಿಯುವುವು, ನಾಡಿಯೂ ಶಾಂತವಾಗುವುದು, ರೋಗಿಯು ಮಾತ್ರ ಎಚ್ಚರವಾಗಿಯೇ ಇರುವಳು. ಒಲೆಯ ಉರಿಯನ್ನು ಹಾಗೆಯೇ ಬಿಟ್ಟು ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತಾಯಿತು. ಅವಳಿಗೆ ಉಳಿದಿದ್ದ ಒಂದೇ ಒಂದು ಬಾಯನ್ನು ಔಷಧವು ಮುಚ್ಚಿಬಿಟ್ಟಿತು.

ಆದಕಾರಣ ತಿಳಿದ ವೈದ್ಯರು ಕೈಯಲ್ಲಿ ಸೂಜಿ ಹಿಡಿಯುವ ಮೊದಲು ವಿಚಾರಣೆ ನಡೆಸುವರು. ತೋಳಿನ ಪಟ್ಟಿಯು ಸರಿಯಾಗಿದೆಯೆ? ಹೊಟ್ಟೆಯೊಳಗಿನ ಅನಿಲದ ಒತ್ತಡವೆಷ್ಟು? ಅದು ಮಿತಿಮೀರಿದ್ದರೆ ಇಳಿಸಿರೆಂದು ಶಸ್ತ್ರವೈದ್ಯರನ್ನು ಕೇಳಬೇಕು. ೧೦ ಮಿಲಿಮೀಟರಿಗೆ ಇಳಿಸಿದರೂ ಅನೇಕ ಸಂದರ್ಭಗಳಲ್ಲಿ ಕೆಲಸ ನಡೆಯುವುದು. ಉಸಿರಿನಲ್ಲಿ ಬರುವ ಇಂಗಾಲದ ಡೈ ಆಕ್ಸೈಡ್ ಎಷ್ಟು? ನೋವಿನ ಔಷಧದ ಬಲ ತೀರಿತೆ? ನಿದ್ರೆಯ ಔಷಧವು ನಿಜವಾಗಿಯೂ ರೋಗಿಗೆ ತಲಪುತ್ತಿದೆಯೆ, ಇಲ್ಲವೆ ಕೈಯ ಸೂಜಿಯು ಜಾರಿ ಹಾಸಿಗೆಗೆ ಹರಿಯುತ್ತಿದೆಯೆ? ಒಂದೊಂದಕ್ಕೂ ಮದ್ದು ಬೇರೆ. ಒತ್ತಡವು ಹಠಾತ್ತಾಗಿ ಕುಸಿದು, ಅದರೊಡನೆಯೇ ಉಸಿರಿನ ಡೈ ಆಕ್ಸೈಡ್ ಕೂಡ ಇಳಿದರೆ ಅನಿಲವು ಸಿರೆಯೊಳಕ್ಕೆ ನುಗ್ಗಿರುವ ಭಯವುಂಟು. ಆಗ ನಿದ್ರೆಯ ಮಾತೇ ಇಲ್ಲ, ಊದುವುದನ್ನು ಆ ಕ್ಷಣವೇ ನಿಲ್ಲಿಸಬೇಕು.

ಹಾಗಾದರೆ ಒತ್ತಡವನ್ನು ಬಿಟ್ಟು ನಿದ್ರೆಯನ್ನು ನೇರವಾಗಿ ಅಳೆಯುವ ಸಾಧನವಿಲ್ಲವೆ? ಎರಡುಂಟು. ಮೊದಲನೆಯದು, ಆವಿಯ ರೂಪದ ಔಷಧವನ್ನು ಕೊಡುವಾಗ ರೋಗಿಯು ಹೊರಬಿಟ್ಟ ಉಸಿರಿನಲ್ಲಿ ಅದು ಎಷ್ಟಿದೆಯೆಂದು ನೋಡುವುದು. ಚರ್ಮವನ್ನು ಕೊಯ್ದಾಗ ನೂರಕ್ಕೆ ಐವತ್ತು ಜನರು ಅಲುಗದೆ ಇರಲು ಬೇಕಾದ ಪ್ರಮಾಣವನ್ನು ಅಮೆರಿಕದ ಎಗರ್ ಎಂಬಾತನೂ ಅವನ ಜೊತೆಗಾರರೂ ೧೯೬೦ರ ದಶಕದಲ್ಲಿ ಮ್ಯಾಕ್ ಎಂಬ ಅಳತೆಯಾಗಿ ನಿರ್ಧರಿಸಿದರು. ವಯಸ್ಸಾದಂತೆಲ್ಲ ಈ ಪ್ರಮಾಣವು ಇಳಿಯುವುದು. ಅಜ್ಜಿಗೆ ಬೇಕಾದುದು ಮೊಮ್ಮಗಳಿಗೆ ಸಾಲದು. ಎರಡನೆಯದು ಮೆದುಳನ್ನೇ ಕೇಳುವುದು. ಮೆದುಳಿನ ವಿದ್ಯುತ್ತರಂಗಗಳನ್ನು ೧೯೨೪ರಲ್ಲಿ ಮನುಷ್ಯನಲ್ಲಿ ಮೊದಲು ದಾಖಲಿಸಿದವನು ಜರ್ಮನಿಯ ಹಾನ್ಸ್ ಬರ್ಗರ್. ಎಚ್ಚರದಲ್ಲಿ ಅವು ಸಣ್ಣವಾಗಿಯೂ ತ್ವರಿತವಾಗಿಯೂ ಇದ್ದು, ಅರಿವಳಿಕೆಯಲ್ಲಿ ದೊಡ್ಡವಾಗಿಯೂ ನಿಧಾನವಾಗಿಯೂ ಏಳುವುವು. ಅತಿಯಾದರೆ ನಡುನಡುವೆ ಅಲೆಯೇ ಇಲ್ಲದ ಮೌನ ಬರುವುದು. ಈ ಅಲೆಗಳನ್ನು ಗಣಿತದಿಂದ ಶೋಧಿಸಿ ಸೊನ್ನೆಯಿಂದ ನೂರರವರೆಗಿನ ಒಂದೇ ಅಂಕಿಯಾಗಿ ತೋರಿಸುವ ಬಿಸ್ ಎಂಬ ಯಂತ್ರಕ್ಕೆ ೧೯೯೬ರಲ್ಲಿ ಅಮೆರಿಕದ ಸರಕಾರವು ಅನುಮತಿಯಿತ್ತಿತು. ಹಣೆಗೆ ಒಂದು ಪಟ್ಟಿ ಅಂಟಿಸಿದರೆ ಸಾಕು. ಅಂಕಿಯು ೪೦ರಿಂದ ೬೦ರೊಳಗೆ ಇರಬೇಕೆಂಬುದು ನಿಯಮ.

ಯಂತ್ರವೆಂದರೆ ಕೈಮುಗಿಯುವವರು ಮುಂದಿನದನ್ನೂ ಕೇಳಬೇಕು. ಎಚ್ಚರವಾಗುವ ಸಂಭವ ಹೆಚ್ಚಾಗಿರುವ ೨,೪೬೩ ರೋಗಿಗಳ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿಸ್ ನೋಡಿ ಅರಿವಳಿಕೆ ಕೊಟ್ಟವರಲ್ಲಿ ಇಬ್ಬರಿಗೂ, ನೋಡದೆ ಕೊಟ್ಟವರಲ್ಲಿ ಹನ್ನೊಂದು ಮಂದಿಗೂ ಎಚ್ಚರವಾಗಿತ್ತು. ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಬಿಸ್ಸನ್ನು ಉಸಿರಿನ ಆವಿಯ ಅಳತೆಯೊಡನೆ ಹೋಲಿಸಿದಾಗ ಎರಡು ಕಡೆಯೂ ಇಬ್ಬಿಬ್ಬರೇ ಆದರು. ಎಂದರೆ ಆವಿಯನ್ನು ಶ್ರದ್ಧೆಯಿಂದ ಅಳೆಯುವವರಿಗೆ ಬಿಸ್ಸಿನಿಂದ ಹೆಚ್ಚಿನ ಲಾಭವು ಕಾಣಲಿಲ್ಲ. ಪ್ರೊಪೊಫಾಲ್ ಎಂಬ ಹಾಲಿನಂತಹ ಔಷಧವನ್ನು ಸಿರೆಯ ಮೂಲಕವೇ ಹರಿಸುತ್ತಿರುವಾಗ ಅಳೆಯಲು ಆವಿಯೇ ಇಲ್ಲವಷ್ಟೆ. ಹಣೆಯ ಪಟ್ಟಿಯು ಅತ್ಯಂತ ಸಾರ್ಥಕವಾಗುವುದು ಅಲ್ಲಿಯೇ. ಅಲ್ಲಿಯೂ ಅದು ಹೇಳುವುದು ಕೆಲವು ಕ್ಷಣಗಳ ಹಿಂದಿನ ಸುದ್ದಿಯನ್ನು. ಕೆಟಮಿನ್ ಕೊಟ್ಟರೆ ದಾರಿತಪ್ಪುವುದು. ಸುಡುವ ವಿದ್ಯುತ್ತಿನಿಂದ ಗಲಿಬಿಲಿಗೊಳ್ಳುವುದು. ೨೦೧೫ರಲ್ಲಿ ಪ್ರಕಟವಾದ ಒಂದು ಸಾಹಸವಂತೂ ಮರೆಯುವಂತಹದಲ್ಲ: ಹತ್ತು ಮಂದಿ ಸ್ವಯಂಸೇವಕರು ನಿದ್ರೆಯ ಔಷಧವಿಲ್ಲದೆ, ಪೂರ್ಣ ಎಚ್ಚರದಲ್ಲಿಯೇ, ಸ್ನಾಯು ಸಡಿಲಿಸುವ ಔಷಧವನ್ನು ಚುಚ್ಚಿಸಿಕೊಂಡರು. ಎಲ್ಲವನ್ನೂ ಕೇಳುತ್ತ ಅರಿಯುತ್ತ ಮಲಗಿದ್ದವರ ಹಣೆಯ ಅಂಕಿಯು ಗಾಢನಿದ್ರೆಯವರದರಷ್ಟು ಇಳಿಯಿತು. ಯಂತ್ರವು ಮೆದುಳಿನ ಜೊತೆಗೆ ಹಣೆಯ ಸ್ನಾಯುವಿನ ಮಾತನ್ನೂ ಕೇಳುತ್ತಿತ್ತೆಂದಾಯಿತು.

ನನಗೆ ಬಹಳ ಮೆಚ್ಚಿಗೆಯಾದ ಉಪಾಯವು ಇವೆಲ್ಲಕ್ಕಿಂತ ಸರಳವಾದುದು. ೧೯೭೭ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯನು ಸ್ನಾಯು ಸಡಿಲಿಸುವ ಔಷಧವನ್ನು ಕೊಡುವ ಮೊದಲು ರೋಗಿಯ ಒಂದು ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದನು. ಔಷಧವು ಆ ಕೈಗೆ ಇಳಿಯದು; ಆದುದರಿಂದ ಆ ಒಂದು ಕೈ ಮಾತ್ರ ಸ್ವತಂತ್ರ. ಕಿವಿಯಲ್ಲಿ ಹೆಸರು ಹಿಡಿದು ಕರೆದು, ಕೇಳಿಸುತ್ತಿದ್ದರೆ ಕೈಯನ್ನು ಅಮುಕು ಎಂದರೆ, ಎಚ್ಚರವಿದ್ದವಳು ಅಮುಕುವಳು. ಹಾಗೆ ಅಮುಕಿದವರಲ್ಲಿ ಬಹುಪಾಲು ಜನರಿಗೆ ಎದ್ದ ಮೇಲೆ ಅದರ ನೆನಪೇ ಇರುವುದಿಲ್ಲವೆಂಬುದು ವಿಚಾರಕ್ಕೆ ಆಸ್ಪದವಾದ ಸಂಗತಿ. ದಿನದಿನದ ಕೆಲಸದಲ್ಲಿ ಈ ಉಪಾಯವನ್ನು ಅನುಸರಿಸುವವರು ವಿರಳ. ಸಂಶೋಧಕರು ಮಾತ್ರ ಇದನ್ನು ಬಿಟ್ಟಿಲ್ಲ.

ಒತ್ತಡವು ಎಷ್ಟಕ್ಕೆ ಇಳಿದರೆ ಅಪಾಯ? ಕೆಳಗಿನ ಅಂಕಿಗೆ, ಎರಡು ಅಂಕಿಗಳ ಅಂತರದ ಮೂರನೆಯ ಒಂದು ಪಾಲನ್ನು ಕೂಡಿಸಿದರೆ ಸರಾಸರಿ ಒತ್ತಡವು ಬರುವುದು. ೧೨೦ಕ್ಕೆ ೮೦ ಇದ್ದವರಿಗೆ ಅದು ೯೩. ಈ ಸರಾಸರಿಯು ೬೫ಕ್ಕಿಂತ ಇಳಿದು ಹೊತ್ತು ಕಳೆದಂತೆಲ್ಲ ಹೃದಯ ಮೂತ್ರಪಿಂಡಗಳಿಗೆ ಕೇಡಾದ ಉದಾಹರಣೆಗಳು ಹೆಚ್ಚುವುದನ್ನು ಕಂಡಿದ್ದಾರೆ. ತಲೆ ಮೇಲಾಗಿ ಮಲಗಿಸಿದಾಗ ಇನ್ನೊಂದು ಲೆಕ್ಕವೂ ಸೇರುವುದು: ಮೆದುಳು ತೋಳಿನ ಪಟ್ಟಿಗಿಂತ ಒಂದು ಗೇಣು ಎತ್ತರದಲ್ಲಿದ್ದರೆ ಅಲ್ಲಿಯ ಒತ್ತಡವು ತೋಳಿನದಕ್ಕಿಂತ ಸುಮಾರು ೧೭ ಮಿಲಿಮೀಟರ್ ಕಡಿಮೆ. ಬಹುಕಾಲದಿಂದ ಬಿ.ಪಿ. ಹೆಚ್ಚಿರುವವರ ರಕ್ತನಾಳಗಳು ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡಿರುವುದರಿಂದ ಅವರಿಗೆ ೬೫ ಕೂಡ ಸಾಲದೆ ಹೋಗಬಹುದು. ೨೦೧೭ರಲ್ಲಿ ಫ್ರಾನ್ಸಿನವರು ಅಪಾಯ ಹೆಚ್ಚಿರುವ ೨೯೨ ರೋಗಿಗಳನ್ನು ಪರೀಕ್ಷಿಸಿ, ಒಬ್ಬೊಬ್ಬರ ಒತ್ತಡವನ್ನೂ ಅವರವರ ದಿನನಿತ್ಯದ ಅಂಕಿಯ ಹತ್ತಿರವೇ ಇಟ್ಟಾಗ ಅಂಗಾಂಗಗಳ ಕೆಡುಕು ನೂರಕ್ಕೆ ೫೨ರಿಂದ ೩೮ಕ್ಕೆ ಇಳಿಯಿತೆಂದು ವರದಿ ಮಾಡಿದರು. ೨೦೨೩ರಲ್ಲಿ ಪ್ರಕಟವಾದ, ಏಳು ಸಾವಿರಕ್ಕೂ ಮೀರಿದ ರೋಗಿಗಳ ಪರೀಕ್ಷೆಯಲ್ಲಿ ಒತ್ತಡವನ್ನು ಎತ್ತರದಲ್ಲಿಡುವ ಕ್ರಮದಿಂದ ಅಂತಹ ಲಾಭವು ಕಾಣಲಿಲ್ಲ. ಪಂಡಿತರ ವಾದವು ಮುಗಿದಿಲ್ಲವಾದರೂ, ರೋಗಿಯ ದಿನನಿತ್ಯದ ಅಂಕಿಯು ಗೊತ್ತಿಲ್ಲದೆ ಯಾವ ಪಕ್ಷದವರೂ ಕೆಲಸ ನಡೆಸಲಾರರು.

ಮನೆಯವರ ಪಾಲಿನ ಕೆಲಸವು ಇಲ್ಲಿಯೇ ಆರಂಭವಾಗುವುದು. ಆಸ್ಪತ್ರೆಗೆ ಹೋದೊಡನೆ ಹೆದರಿಕೆಯಿಂದ ಒತ್ತಡವು ಏರಿರುವುದು. ಅದು ದಿನನಿತ್ಯದ ಅಂಕಿಯಲ್ಲ. ಮನೆಯಲ್ಲಿ ಶಾಂತವಾಗಿದ್ದಾಗ ಕೆಲವು ದಿನ ಅಳೆದು ಬರೆದಿಟ್ಟ ಚೀಟಿಯೊಂದನ್ನು ಅರಿವಳಿಕೆಯ ವೈದ್ಯರ ಕೈಗೆ ಕೊಟ್ಟರೆ ಅದರ ಬೆಲೆ ಅವರಿಗೆ ಗೊತ್ತು. ಬಿ.ಪಿ. ಮಾತ್ರೆಗಳ ಹೆಸರನ್ನು ಬಾಯಿಪಾಠ ಹೇಳುವುದಕ್ಕಿಂತ ಮಾತ್ರೆಗಳನ್ನೇ ತೆಗೆದುಕೊಂಡು ಹೋಗುವುದು ಲೇಸು. ಅವುಗಳಲ್ಲಿ ಕೆಲವನ್ನು ಆ ದಿನ ಬೆಳಿಗ್ಗೆ ನಿಲ್ಲಿಸಬೇಕಾಗುವುದು, ಹೃದಯದ ಬಡಿತವನ್ನು ತಗ್ಗಿಸುವ ಮತ್ತೆ ಕೆಲವನ್ನು ಥಟ್ಟನೆ ನಿಲ್ಲಿಸಲೇಬಾರದು. ಇದನ್ನು ನೆರೆಮನೆಯವರ ಅನುಭವದಿಂದ ತೀರ್ಮಾನಿಸತಕ್ಕದ್ದಲ್ಲ. ದಿನವೂ ಮದ್ಯ ಸೇವಿಸುವ ಅಭ್ಯಾಸವನ್ನು ಗಂಡಸರು ಮರೆಮಾಚುವುದುಂಟು. ಅವರಿಗೆ ನಿದ್ರೆಯ ಔಷಧವು ಹೆಚ್ಚು ಬೇಕಾಗಬಹುದಾದುದರಿಂದ, ಮುಚ್ಚಿಟ್ಟರೆ ನಡುವೆ ಎಚ್ಚರವಾಗುವವರು ತಾವೇ. ಹಿಂದೆ ಯಾವಾಗಲಾದರೂ ಅರಿವಳಿಕೆಯ ನಡುವೆ ಮಾತು ಕೇಳಿಸಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.

ಶಸ್ತ್ರಕ್ರಿಯೆಯ ಮರುದಿನ ಹೆಗಲ ತುದಿಯು ನೋಯುವುದೆಂದು ಅನೇಕರು ಗ್ರಹಿಸಿ ಗಾಬರಿಗೊಳ್ಳುವರು. ಒಳಗೆ ಉಳಿದ ಸ್ವಲ್ಪ ಅನಿಲವು ವಪೆಯನ್ನು ಕೆಣಕುವುದರಿಂದ ಬರುವ ನೋವದು. ವಪೆಯ ನರವೂ ಹೆಗಲ ನರಗಳೂ ಕತ್ತಿನಲ್ಲಿ ಒಂದೇ ಎಡೆಯಿಂದ ಹೊರಡುವುದೇ ಕಾರಣ. ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ತಾನೇ ಹೋಗುವುದು. ಅರಿವಳಿಕೆಯ ವೈದ್ಯರು ಆಗ ಬಂದು ಕೆಲವು ಪ್ರಶ್ನೆಗಳನ್ನು ಕೇಳಬಹುದು: ನಿದ್ರೆ ಹತ್ತುವ ಮೊದಲು ನಿಮಗೆ ಕೊನೆಯದಾಗಿ ನೆನಪಿರುವುದೇನು? ಎದ್ದ ಮೇಲೆ ಮೊದಲು ನೆನಪಿರುವುದೇನು? ನಡುವೆ ಏನಾದರೂ ನೆನಪಿದೆಯೆ? ಕನಸು ಬಿದ್ದಿತೆ? ೧೯೭೦ರಲ್ಲಿ ಬ್ರೈಸ್ ಎಂಬಾತನೂ ಅವನ ಜೊತೆಗಾರರೂ ಗೊತ್ತುಮಾಡಿದ ಪ್ರಶ್ನೆಗಳಿವು. ಸ್ವೀಡನ್ನಿನಲ್ಲಿ ೧೧,೭೮೫ ಮಂದಿಯನ್ನು ಹೀಗೆ ಮೂರು ಮೂರು ಸಲ ಕೇಳಿದುದರಲ್ಲಿ ಹದಿನೆಂಟು ಮಂದಿಗೆ ಎಚ್ಚರವಾಗಿದ್ದುದು ಗೊತ್ತಾಯಿತೆಂದು ೨೦೦೦ದಲ್ಲಿ ವರದಿಯಾಯಿತು. ಅವರಲ್ಲಿ ಕೆಲವರಿಗೆ ನೆನಪು ಮರುಕಳಿಸಿದುದು ದಿನಗಳು ಕಳೆದ ಮೇಲೆ. ಆದಕಾರಣ ಮನೆಗೆ ಬಂದ ಮೇಲೆಯೂ ಅಂತಹ ನೆನಪು ಮೂಡಿದರೆ ಅಥವಾ ರಾತ್ರಿ ಬೆಚ್ಚಿ ಏಳುವಂತಾದರೆ, ಭ್ರಾಂತಿಯೆಂದು ಮನೆಯವರು ಗದರಿಸದೆ, ಆಸ್ಪತ್ರೆಗೆ ತಿಳಿಸಿ ಆ ವೈದ್ಯರನ್ನೇ ಕಂಡು ಹೇಳಬೇಕು.